ಓದುಗರ ಪ್ರಶ್ನೆ, ನನ್ನ ಉತ್ತರ: ಆ ಹಳೇ ಪಬ್ ಯಾಕೆ ಹಾಗಾಯ್ತು?

ಪ್ರಶ್ನೆ: ಮೇಡಂ, ಕಾಫಿ ವ್ಯಾಪಾರದ ಕೆಲಸದ ಮೇಲೆ 1987ರಲ್ಲಿ ನಾನು ಲಂಡನ್‌ಗೆ ಹೋಗಿದ್ದೆ. ಅಲ್ಲಿನ ಆಫೀಸಿನವರೊಬ್ಬರು ಮಧ್ಯಾಹ್ನ ಊಟಕ್ಕೆ ಹಳೇ ‘ಸಿಟಿ’ ಭಾಗದ ಓಣಿಯೊಂದರಲ್ಲಿದ್ದ ಪಬ್‌ಗೆ ಕರೆದುಕೊಂಡು ಹೋದರು. ಕಪ್ಪಾದ ಮರದ ಗೋಡೆ, ಹೂಬಳ್ಳಿ ಕೊರೆದ ಗಾಜು, ನಾಲ್ಕೈದು ಜನ ಹಿಡಿಸುವ ಪುಟ್ಟ ಕೋಣೆ. ಬಿಯರ್ ಜಾಸ್ತಿ ತಣ್ಣಗಿರಲಿಲ್ಲ, ಆದರೆ ಆ ರುಚಿ ಇವತ್ತಿಗೂ ನೆನಪಿದೆ. ಕೌಂಟರಿನ ಹಿಂದಿದ್ದ ಯಜಮಾನರು ನಮ್ಮ ಮಳೆ, ಕಾಫಿ ಹೂವು ಎಲ್ಲದರ ಬಗ್ಗೆ ಕೇಳಿದರು. ಈಗ ಮಗಳು ಲಂಡನ್ನಿನಲ್ಲೇ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಹೆಂಡತಿ, ಮಗಳನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋದೆ. ಬೋರ್ಡು ಅದೇ, ಹೊರಗಿನ ಗೋಡೆ ಅದೇ. ಒಳಗೆ ಆ ಪುಟ್ಟ ಕೋಣೆಯೇ ಇಲ್ಲ. ಟಿವಿ ಕೂಗುತ್ತಿತ್ತು. ಮೊಬೈಲಿನಲ್ಲಿ ಆರ್ಡರ್ ಮಾಡಿ ಅಂದರು. ಬಂದ ಬಿಯರ್ ಹುಳಿ, ನೊರೆಯೂ ಇಲ್ಲ. ತಂದ ಹುಡುಗನನ್ನು ಕೇಳಿದರೆ ‘ಇದು ಇರುವುದೇ ಹೀಗೆ’ ಅಂದ. ‘ಅಪ್ಪಾ, ಬದಲಾಗಿರೋದು ಪಬ್ ಅಲ್ಲ, ನೀನು’ ಅಂತಾಳೆ ಮಗಳು. ನಿಜವಾ ಮೇಡಂ?
— ಹೆಸರು ಬೇಡ, ಮೂಡಿಗೆರೆ

ಉತ್ತರ: ಇಲ್ಲ ಸರ್. ನಿಮ್ಮ ನಾಲಿಗೆ ಸರಿಯಾಗಿದೆ. ಆ ಬಿಯರ್ ಕೆಟ್ಟಿತ್ತು. ‘ಇರುವುದೇ ಹೀಗೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಲೀಡ್ಸ್‌ನಲ್ಲಿದ್ದಾಗ ಸಂಜೆ ಹೊತ್ತು ಒಂದು ಪಬ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಮೇಲೆ ಗ್ಲಾಸು ತೊಳೆಯುವುದಕ್ಕಿಂತ ಕೆಳಗೆ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಳ್ಳುವ ಕೆಲಸವೇ ನನಗೆ ಇಷ್ಟವಾಗಿತ್ತು. ನೀವು 1987ರಲ್ಲಿ ಕುಡಿದದ್ದು ಬಹುಶಃ ಅಂಥ ಪೀಪಾಯಿಯ ಬಿಯರ್. ಅದನ್ನು ಅಲ್ಲಿ ‘ಕಾಸ್ಕ್ ಏಲ್’ ಅನ್ನುತ್ತಾರೆ. ಬಾಟಲಿ ಬಿಯರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಪೀಪಾಯಿ ಪಬ್‌ಗೆ ಬರುವಾಗ ಒಳಗೆ ಈಸ್ಟ್ ಇನ್ನೂ ಜೀವಂತ ಇರುತ್ತದೆ. ಅಂದರೆ ಬ್ರೂವರಿಯಲ್ಲಿ ಕೆಲಸ ಮುಗಿದಿರುವುದಿಲ್ಲ. ಉಳಿದದ್ದನ್ನು ಪಬ್‌ನ ನೆಲಮಾಳಿಗೆಯಲ್ಲಿ ಮುಗಿಸಬೇಕು.

ಮಾಡುವುದು ಹೀಗೆ. ಪೀಪಾಯಿಯನ್ನು ಅಡ್ಡ ಮಲಗಿಸಿ, ಉರುಳದ ಹಾಗೆ ಎರಡೂ ಕಡೆ ಬೆಣೆ ಕೊಡುತ್ತಾರೆ. ಮೇಲಿನ ತೂತಿಗೆ ಮೆತ್ತನೆ ಮರದ ಸಣ್ಣ ಬೆಣೆ ಹೊಡೆಯುತ್ತಾರೆ. ಆ ಮರದ ಸಂದಿನಲ್ಲಿ ಗಾಳಿ ಆಡುತ್ತದೆ. ಹೊಡೆದ ಕೂಡಲೇ ಬುಸ್ ಅಂತ ನೊರೆ ಉಕ್ಕುತ್ತದೆ, ಒರೆಸಿದಷ್ಟೂ ಬರುತ್ತದೆ. ನೊರೆ ಇಳಿದ ಮೇಲೆ ಆ ಮೆತ್ತನೆ ಬೆಣೆ ತೆಗೆದು ಗಟ್ಟಿ ಮರದ ಬೆಣೆ ಹಾಕಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ ಪೂರ್ತಿ ಹೋಗಿ ಬಿಯರ್ ಸಪ್ಪೆಯಾಗುತ್ತದೆ. ಆಮೇಲೆ ಗಸಿ ತಳಕ್ಕೆ ಕೂರುವ ತನಕ ಮುಟ್ಟದೆ ಬಿಡಬೇಕು. ಯಾರಾದರೂ ಕಾಲು ತಾಗಿಸಿ ಅಲುಗಾಡಿಸಿದರೆ ಮತ್ತೆ ಕಲಕಿಹೋಗುತ್ತದೆ. ತಳ ಕೂತ ಮೇಲೆ ಮರದ ಸುತ್ತಿಗೆಯಿಂದ ಒಂದೇ ಏಟಿಗೆ ನಲ್ಲಿ ಹೊಡೆದು ಕೂರಿಸಬೇಕು. ಅಳುಕಿ ಮೆಲ್ಲಗೆ ಹೊಡೆದರೆ ಮೈಯೆಲ್ಲಾ ಬಿಯರ್.

ಇಷ್ಟೆಲ್ಲಾ ಮಾಡಿದ ಮೇಲೂ ಅದು ಬಾಳಿಕೆ ಬರುವುದಿಲ್ಲ. ಒಂದೊಂದು ಗ್ಲಾಸ್ ಬಿಯರ್ ಹೋದ ಹಾಗೂ ಪೀಪಾಯಿಗೆ ಅಷ್ಟೇ ಗಾಳಿ ಸೇರುತ್ತದೆ. ಮೂರು ದಿನದೊಳಗೆ ಖಾಲಿ ಆಗಬೇಕು ಅನ್ನುವುದು ಅಲ್ಲಿನ ರೂಢಿ. ಮೀರಿದರೆ ಹುಳಿಗೆ ತಿರುಗುತ್ತದೆ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನನ್ನು ಮರುದಿನ ಬಿಸಿ ಮಾಡಿ ಕೊಟ್ಟರೆ ನಮ್ಮ ಕಡೆಯವರಿಗೆ ಒಂದು ಗುಟುಕಿಗೇ ಗೊತ್ತಾಗುತ್ತದಲ್ಲಾ, ಇದೂ ಹಾಗೇ.

ಲೆಕ್ಕ ಸರಳ. ಒಂದು ಸಾಮಾನ್ಯ ಪೀಪಾಯಿ 9 ಗ್ಯಾಲನ್, ಅಂದರೆ 72 ಪೈಂಟ್. ಒಂದು ಪೈಂಟ್ ಅಂದರೆ 568 ಮಿಲಿ. ಮೂರು ದಿನದಲ್ಲಿ 72 ಗ್ಲಾಸ್ ಖರ್ಚಾಗದ ಕಡೆ ಸಾಲಾಗಿ ಆರು ಬಗೆಯ ಬಿಯರ್ ಇಟ್ಟರೆ ಅದರಲ್ಲಿ ಯಾವುದೋ ಒಂದು ಹಳಸಲೇಬೇಕು. ನಿಮಗೆ ಸಿಕ್ಕಿದ್ದು ಅದೇ ಇರಬೇಕು. ಅಥವಾ ರಾತ್ರಿಯಿಡೀ ಪೈಪಿನಲ್ಲಿ ನಿಂತ ಬಿಯರನ್ನು ಬೆಳಿಗ್ಗೆ ಎಳೆದು ಚೆಲ್ಲದೆ ನಿಮ್ಮ ಗ್ಲಾಸಿಗೇ ಹಾಕಿರಬೇಕು. ಪೈಪನ್ನು ವಾರಕ್ಕೊಮ್ಮೆ ತೊಳೆಯಬೇಕು. ತೊಳೆದ ದಿನ ಒಂದಷ್ಟು ಬಿಯರ್ ದಂಡವಾಗುತ್ತದೆ. ಅದನ್ನು ಉಳಿಸಲು ಹೋಗಿ ತೊಳೆಯದೇ ಬಿಡುವವರಿದ್ದಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಂಥ ಕಡೆ.

ಅಂದ ಹಾಗೆ, ಅದು ಐಸ್ ತಣ್ಣಗೆ ಇರಬಾರದು. ನೆಲಮಾಳಿಗೆ 11ರಿಂದ 13 ಡಿಗ್ರಿ ಇರಬೇಕು. ಅದಕ್ಕೇ ನಿಮಗೆ ಅವತ್ತು ಹಿತವಾಗಿದ್ದದ್ದು.

ಇನ್ನು ಆ ಯಜಮಾನರ ವಿಷಯ. ನೀವು ಹೋದ ಎರಡು ವರ್ಷಕ್ಕೆ, 1989ರಲ್ಲಿ, ಬ್ರಿಟನ್ ಸರ್ಕಾರ ಒಂದು ಆದೇಶ ತಂದಿತು. ಅಲ್ಲಿಯ ತನಕ ದೊಡ್ಡ ಬ್ರೂವರಿಗಳೇ ಸಾವಿರಾರು ಪಬ್‌ಗಳ ಮಾಲೀಕರು. ತಮ್ಮ ಬಿಯರನ್ನೇ ಮಾರಬೇಕು ಅಂತ ಕಟ್ಟು. ಇದನ್ನು ಸಡಿಲ ಮಾಡಬೇಕು ಅಂತ, 2000ಕ್ಕಿಂತ ಜಾಸ್ತಿ ಪಬ್ ಇರುವವರು ಆ ಹೆಚ್ಚುವರಿಯಲ್ಲಿ ಅರ್ಧವನ್ನು ಬಿಟ್ಟುಕೊಡಬೇಕು ಅಂತ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟ ಪಬ್‌ಗಳು ಹೋಗಿ ಸೇರಿದ್ದು ಬಹುಪಾಲು ಹೊಸದಾಗಿ ಹುಟ್ಟಿದ ಪಬ್ ಕಂಪನಿಗಳ ಕೈಗೆ. ಬಿಯರ್ ಮಾಡುವುದು ಅವರ ಕಸುಬಲ್ಲ. ಕಟ್ಟಡ, ಬಾಡಿಗೆ, ಸಾಲ, ಇದು ಅವರ ಲೆಕ್ಕ. ಎಷ್ಟೋ ಪಬ್‌ಗಳಲ್ಲಿ ತಲೆಮಾರಿನಿಂದ ಇದ್ದವರು ಹೋಗಿ ಸಂಬಳದ ಮ್ಯಾನೇಜರುಗಳು ಬಂದರು. ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ಬೆಣೆ ಹೊಡೆಯುವುದನ್ನು ಕಲಿಯುವಷ್ಟರಲ್ಲಿ ವರ್ಗ. ನಿಮಗೆ ಬಿಯರ್ ತಂದುಕೊಟ್ಟ ಹುಡುಗನ ಮೇಲೆ ನನಗೆ ಕೋಪ ಇಲ್ಲ ಸರ್. ಅವನಿಗೆ ಯಾರೂ ಹೇಳಿಕೊಟ್ಟೇ ಇಲ್ಲ.

ಆ ಪುಟ್ಟ ಕೋಣೆ ಹೋದದ್ದು ನನಗೆ ಜಾಸ್ತಿ ಬೇಸರದ ವಿಷಯ. ವಿಕ್ಟೋರಿಯಾ ರಾಣಿಯ ಕಾಲದ ಪಬ್‌ಗಳನ್ನು ಕಟ್ಟುವಾಗಲೇ ಮರ, ಗಾಜಿನ ಅಡ್ಡಗೋಡೆ ಹಾಕಿ ಹಲವು ಕೋಣೆ ಮಾಡುತ್ತಿದ್ದರು. ಕೂಲಿಯವರಿಗೆ ಒಂದು ಕಡೆ, ಸಾಹೇಬರಿಗೆ ಇನ್ನೊಂದು ಕಡೆ. ಸಾಹೇಬರ ಕಡೆ ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ತಿರುಗುವ ಸಣ್ಣ ಗಾಜಿನ ಕಿಟಕಿಗಳ ಸಾಲು ಇರುತ್ತಿತ್ತು. ಗ್ಲಾಸು ಬೇಕಾದಾಗ ತೆರೆದು, ತೆಗೆದುಕೊಂಡು, ಮತ್ತೆ ಮುಚ್ಚಿದರೆ ಆಚೆ ಕಡೆಯವರಿಗೆ ಮುಖ ಕಾಣುತ್ತಿರಲಿಲ್ಲ. ಮೇಲು ಕೀಳಿನ ಲೆಕ್ಕದಿಂದ ಹುಟ್ಟಿದ ಏರ್ಪಾಡು, ಅದನ್ನು ಹೊಗಳಲಾರೆ. ಆದರೆ ಅದರಿಂದ ಒಂದು ಒಳ್ಳೆಯದಾಗಿತ್ತು. ನಾಲ್ಕು ಜನ ಕೂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಈ ಅಡ್ಡಗೋಡೆಗಳನ್ನು ಊರೂರಲ್ಲಿ ಒಡೆದು ಒಂದೇ ಹಾಲ್ ಮಾಡಿದರು. ಒಂದೇ ಕಡೆ ನಿಂತು ಎಲ್ಲರ ಮೇಲೆ ಕಣ್ಣಿಡಬಹುದು, ಕೆಲಸದವರು ಕಡಿಮೆ ಸಾಕು. ಗೋಡೆ ಹೋದ ಮೇಲೆ ಗದ್ದಲ ಜಾಸ್ತಿಯಾಯಿತು. ಟಿವಿ ಬಂದು ಅದು ಇನ್ನೂ ಹೆಚ್ಚಿತು.

ಮಗಳ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ, ಅದನ್ನು ಹೇಳದಿದ್ದರೆ ನ್ಯಾಯ ಅಲ್ಲ. 1987ರಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಪಬ್ ಮುಚ್ಚುತ್ತಿತ್ತು, ಸಂಜೆಯೇ ಮತ್ತೆ ತೆಗೆಯುವುದು. ಆ ಕಾನೂನು ಹೋದದ್ದು 1988ರಲ್ಲಿ. ಒಳಗೆಲ್ಲಾ ಸಿಗರೇಟ್ ಹೊಗೆ. 2007ರ ಜುಲೈನಲ್ಲಿ ಇಂಗ್ಲೆಂಡ್‌ನಲ್ಲಿ ಅದನ್ನು ನಿಷೇಧ ಮಾಡಿದರು. ಅವತ್ತಿನ ಪಬ್‌ನಲ್ಲಿ ನಿಮ್ಮ ಹೆಂಡತಿ, ಮಗಳು ಐದು ನಿಮಿಷ ಕೂರುತ್ತಿದ್ದರೋ ಇಲ್ಲವೋ. ಮೊಬೈಲ್ ಆರ್ಡರ್ ಬಗ್ಗೆಯೂ ನನ್ನ ತಕರಾರಿಲ್ಲ. ಟಿವಿ, ಮೊಬೈಲ್ ಇದ್ದೂ ಬಿಯರ್ ಚೆನ್ನಾಗಿರಬಹುದು. ಮರ, ಗಾಜು ಹಾಗೇ ಇದ್ದೂ ಬಿಯರ್ ಕೆಟ್ಟಿದ್ದರೆ ಅದನ್ನು ನಾನು ಹಳೇ ಪಬ್ ಅನ್ನುವುದಿಲ್ಲ, ಹಳೇ ಕಟ್ಟಡ ಅನ್ನುತ್ತೇನೆ.

ಮುಂದಿನ ಸಲ ಹುಳಿ ಬಿಯರ್ ಬಂದರೆ ಗ್ಲಾಸು ಹಿಡಿದು ಸೀದಾ ಕೌಂಟರಿಗೆ ಹೋಗಿ. ಅರ್ಧ ಕುಡಿದು ಅಲ್ಲ, ಒಂದು ಗುಟುಕಿಗೇ. ‘ಇದು ಸರಿಯಿಲ್ಲ, ಬೇರೆ ಕೊಡಿ’ ಅನ್ನಿ. ಮರ್ಯಾದಸ್ಥ ಪಬ್‌ನವರು ಮಾತಾಡದೆ ಬದಲಾಯಿಸುತ್ತಾರೆ. ಸಂಕೋಚ ಬೇಡ. ಹೀಗೆ ಒಳ್ಳೆ ಬಿಯರ್ ಬೇಕು ಅಂತ ಪಟ್ಟು ಹಿಡಿಯಲೆಂದೇ 1971ರಲ್ಲಿ ನಾಲ್ಕು ಜನ ಸೇರಿ ‘ಕ್ಯಾಮ್ರಾ’ ಅನ್ನುವ ಗ್ರಾಹಕರ ಸಂಘ ಕಟ್ಟಿದರು. ಪೀಪಾಯಿ ಬಿಯರ್ ಇವತ್ತು ಉಳಿದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಪ್ರತಿವರ್ಷ ಒಳ್ಳೆಯ ಪಬ್‌ಗಳ ಪುಸ್ತಕ ತರುತ್ತಾರೆ, ಮಗಳ ಕೈಲಿ ತರಿಸಿಕೊಳ್ಳಿ.

ಇನ್ನೊಂದು ಜಾಗ ಹೇಳುತ್ತೇನೆ. ಅದೇ ‘ಸಿಟಿ’ಯಲ್ಲಿ ಕಾರ್ನ್‌ಹಿಲ್ ರಸ್ತೆ ಪಕ್ಕ ಸೇಂಟ್ ಮೈಕಲ್ಸ್ ಆಲಿ ಅಂತ ಕಿರಿದಾದ ಓಣಿ ಇದೆ. ಅಲ್ಲಿ ಜಮೈಕಾ ವೈನ್ ಹೌಸ್ ಅನ್ನುವ ಪಬ್. 1652ರಲ್ಲಿ ಪಾಸ್ಕ್ವಾ ರೋಸೆ ಅನ್ನುವವನು ಲಂಡನ್ನಿನ ಮೊದಲ ಕಾಫಿ ಅಂಗಡಿ ತೆರೆದದ್ದು ಆ ಜಾಗದಲ್ಲಿ. ಗೋಡೆಯ ಮೇಲೆ ಫಲಕ ಹಾಕಿದ್ದಾರೆ. ಮೂಡಿಗೆರೆಯವರು ಅಲ್ಲಿಗೆ ಹೋಗದೆ ಬರಬಾರದು. ವಾರದ ದಿನವೇ ಹೋಗಿ, ಆ ಭಾಗದ ಎಷ್ಟೋ ಪಬ್‌ಗಳು ಶನಿವಾರ, ಭಾನುವಾರ ಬಾಗಿಲು ಹಾಕಿರುತ್ತವೆ.

ಪ್ರಶ್ನೆ: ಅಕ್ಕಾ, ಎಂಎಸ್ ಓದಲು ಇಂಗ್ಲೆಂಡ್‌ಗೆ ಹೊರಟಿದ್ದೇನೆ. ನಾನು ಕುಡಿಯುವುದಿಲ್ಲ. ಜೊತೆಯವರು ಪಬ್‌ಗೆ ಕರೆದರೆ ಏನು ಮಾಡಲಿ?
— ಹಾಸನದ ಹುಡುಗಿ

ಉತ್ತರ: ಹೋಗಮ್ಮ. ಅಲ್ಲಿ ಪಬ್ ಅಂದರೆ ಮಾತಾಡುವ ಜಾಗ. ನಿಂಬೆ ಸೋಡಾ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಸಾಮಾನ್ಯವಾಗಿ ಮೇಜಿನ ಹತ್ತಿರ ಯಾರೂ ಬಂದು ಕೇಳುವುದಿಲ್ಲ, ನೀನೇ ಕೌಂಟರಿಗೆ ಹೋಗಬೇಕು. ಒಂದು ಪದ್ಧತಿ ತಿಳಿದಿರಲಿ. ಗುಂಪಿನಲ್ಲಿ ಒಬ್ಬೊಬ್ಬರೂ ಸರದಿ ಪ್ರಕಾರ ಎಲ್ಲರಿಗೂ ಕೊಡಿಸುತ್ತಾರೆ. ನೀನು ಕುಡಿಯುವುದಿಲ್ಲವಾದರೆ ‘ನನ್ನದು ನಾನೇ ತಗೊಳ್ತೀನಿ’ ಅಂತ ಮೊದಲೇ ಹೇಳಿಬಿಡು. ಇಲ್ಲದಿದ್ದರೆ ನಿನ್ನ ಸರದಿಗೆ ಐದು ಜನರ ಬಿಯರ್ ದುಡ್ಡು ನಿನ್ನ ತಲೆಗೇ ಬರುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿನ ಬಿಯರ್‌ನಲ್ಲಿ ಮೀನು ಇರುತ್ತದೆ ಅಂತ ಮೊಮ್ಮಗ ಹೇಳಿದ. ಸುಳ್ಳಲ್ವಾ?
— ಕಡೂರು

ಉತ್ತರ: ಸುಳ್ಳಲ್ಲ. ನಾನು ಮೇಲೆ ಹೇಳಿದ ಪೀಪಾಯಿ ಬಿಯರನ್ನು ತಿಳಿ ಮಾಡಲು ಐಸಿನ್‌ಗ್ಲಾಸ್ ಅನ್ನುವುದನ್ನು ಹಾಕುವ ರೂಢಿ ಇದೆ. ಅದು ಮೀನಿನ ಗಾಳಿಚೀಲ ಒಣಗಿಸಿ ಮಾಡಿದ್ದು. ಈಸ್ಟನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಗಸಿಯ ಜೊತೆ ಬಹುಪಾಲು ತಳದಲ್ಲೇ ಉಳಿದರೂ ನಿಮಗೆ ಅದು ಸಮಾಧಾನ ಆಗಲಿಕ್ಕಿಲ್ಲ. ಈಗ ಅದನ್ನು ಹಾಕದ ಬಿಯರ್ ಸಿಗುತ್ತದೆ, ‘ವೀಗನ್’ ಅಂತ ಕೇಳಿ. ಸ್ವಲ್ಪ ಮಬ್ಬಾಗಿರಬಹುದು, ಅದು ಕೆಟ್ಟದ್ದಲ್ಲ. ಗಿನ್ನೆಸ್‌ನವರೂ ಮೊದಲು ಐಸಿನ್‌ಗ್ಲಾಸ್ ಬಳಸುತ್ತಿದ್ದರು, ಈಗ ಬಿಟ್ಟಿದ್ದಾರೆ.

ಪ್ರಶ್ನೆ: ನಮ್ಮ ತಾತನ ಕಾಲದಿಂದ ಇರುವ ಹೋಟೆಲೊಂದು ಮುಚ್ಚುವ ಸ್ಥಿತಿಗೆ ಬಂದಿದೆ. ಅಲ್ಲಿನ ಕಾಫಿ, ಖಾಲಿ ದೋಸೆ ಎಲ್ಲಾ ಹೋಗುತ್ತದಲ್ಲಾ ಅಂತ ಸಂಕಟ. ಇಂಥದ್ದನ್ನು ಬೇರೆ ದೇಶದಲ್ಲಿ ಹೇಗೆ ಉಳಿಸಿಕೊಳ್ಳುತ್ತಾರೆ?
— ಸಕಲೇಶಪುರ

ಉತ್ತರ: ಬರೀ ಕಟ್ಟಡ ಉಳಿಸಲು ಬ್ರಿಟನ್ನಿನಲ್ಲಿ ಬಹಳ ಹಿಂದಿನಿಂದ ಕಾನೂನಿದೆ. ಉಳಿಸಬೇಕಾದ ಕಟ್ಟಡಗಳ ಸರ್ಕಾರಿ ಪಟ್ಟಿಗೆ ಸೇರಿದ ಕಟ್ಟಡದ ಒಳಗಿನ ಮರ, ಗಾಜನ್ನೂ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಆದರೆ ಒಳಗೆ ಯಾರು ಏನು ಬಡಿಸುತ್ತಾರೆ ಅನ್ನುವುದಕ್ಕೆ ಆ ಕಾನೂನು ಬರುವುದಿಲ್ಲ. 2011ರ ಇನ್ನೊಂದು ಕಾಯ್ದೆ ಸ್ವಲ್ಪ ಮುಂದೆ ಹೋಯಿತು. ‘ಇದು ನಮ್ಮ ಊರಿಗೆ ಬೇಕಾದ ಜಾಗ’ ಅಂತ ಜನ ಮೊದಲೇ ದಾಖಲು ಮಾಡಿಸಿದ್ದರೆ, ಮಾಲೀಕರು ಮಾರಲು ಹೊರಟಾಗ ಊರಿನವರಿಗೆ ಹಣ ಹೊಂದಿಸಿಕೊಳ್ಳಲು ಆರು ತಿಂಗಳು ಸಿಗುವ ಹಾಗೆ ಅದು ಮಾಡಿತು. ಲಂಡನ್ನಿನ ನನ್‌ಹೆಡ್‌ನಲ್ಲಿ ಐವಿ ಹೌಸ್ ಅನ್ನುವ ಪಬ್ ಹೀಗೇ ಉಳಿಯಿತು. ಅಕ್ಕಪಕ್ಕದವರು ಷೇರು ಹಾಕಿ ಕೊಂಡುಕೊಂಡು 2013ರಲ್ಲಿ ಬಾಗಿಲು ತೆರೆದರು.

ಇದಕ್ಕೆ ಲಂಡನ್ ತನಕ ಹೋಗಬೇಕಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರೇ ಸೇರಿ ಸಹಕಾರ ಸಂಘ ಕಟ್ಟಿದರು. ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಈ ಕೆಲಸಗಾರರ ಬೆನ್ನಿಗಿದ್ದರು. ಅಂಥ ಮೊದಲ ಸಂಘ ಶುರುವಾದದ್ದು 1957ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಹೋಟೆಲಿನಲ್ಲಿ ಕಾವಲಿ ಮುಂದೆ ನಿಲ್ಲುವವರು, ಡಿಕಾಕ್ಷನ್ ಇಳಿಸುವವರು ಇನ್ನೂ ಇದ್ದಾರಾ? ಇದ್ದರೆ ಮೊದಲು ಅವರ ಹತ್ತಿರ ಮಾತಾಡಿ. ಮಾಲೀಕರಿಗೆ ಸಾಕಾಗಿದ್ದು ದುಡಿಮೆಯೋ, ಬಾಡಿಗೆಯೋ, ಮಕ್ಕಳಿಗೆ ಆಸಕ್ತಿ ಇಲ್ಲದ್ದೋ ಅಂತ ತಿಳಿದುಕೊಳ್ಳಿ. ಆಮೇಲೆ ಷೇರಿನ ಲೆಕ್ಕ. ಕೈಕೆಲಸ ಗೊತ್ತಿರುವವರು ಬೇರೆ ಕಡೆ ಸೇರಿಕೊಳ್ಳುವ ಮೊದಲೇ ಇದನ್ನು ಮಾಡಬೇಕು. ಏನಾಯ್ತು ಅಂತ ಮತ್ತೆ ಬರೆಯಿರಿ, ಸಂಘದ ಕಾಗದಪತ್ರದ ವಿಷಯಕ್ಕೆ ನನ್ನಿಂದಾದ ಸಹಾಯ ಮಾಡುತ್ತೇನೆ.