ಕಡಲಿಗೆ ಭರತ ಬಂದಾಗ ರೈಟ್ ಔಟ್ ಎಲ್ಲಿ ಹೋಗಬೇಕು?

(ಓದುಗರ ಪ್ರಶ್ನೆಗಳಿಗೆ ಕಾರವಾರದ ಹಳೆಯ ಫುಟ್‌ಬಾಲ್ ಆಟಗಾರರೊಬ್ಬರ ಉತ್ತರ)

ಪ್ರಶ್ನೆ: ಮಗನಿಗೆ 13 ವರ್ಷ. ಶಾಲೆಯ ಫುಟ್‌ಬಾಲ್ ತಂಡದಲ್ಲಿ ವಿಂಗರ್, ಅಂದರೆ ಅಂಚಿನಲ್ಲಿ ಮುಂದೆ ಆಡುವವನು, ಓಟವೂ ಜೋರು. ಈಗ ಕೋಚ್ ಬ್ಯಾಕ್ ಆಡು, ಹಿಂದೆ ನಿಂತು ಗೋಲು ಕಾಯಲು ನೆರವಾಗು ಅಂದಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದಾನೆ. ಮುಂದೆ ವಿಂಗರ್ ಆಗಿ ಬದುಕು ಕಟ್ಟಿಕೊಳ್ಳಬಹುದೇ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ತಂಗಿ, ಮೊದಲು ಅವನಿಗೆ ಊಟ ಹಾಕಿ. ಬ್ಯಾಕ್ ಆಡುವುದು ಶಿಕ್ಷೆಯಲ್ಲ. ವೇಲ್ಸ್‌ನ ಗ್ಯಾರೆತ್ ಬೇಲ್ ಶುರು ಮಾಡಿದ್ದೇ ಲೆಫ್ಟ್ ಬ್ಯಾಕ್ ಆಗಿ. 2007ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಸೇರಿದ ಮೇಲೆ ಅವನು ಆಡಿದ ಮೊದಲ 24 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ. ನಮ್ಮೂರಾಗಿದ್ದರೆ ಕಾಲ್ಗುಣ ಸರಿಯಿಲ್ಲ ಅಂತ ಮನೆಗೆ ಕಳಿಸುತ್ತಿದ್ದರು. 2010ರಲ್ಲಿ ಅದೇ ಹುಡುಗ ಎಡ ಅಂಚಿನಿಂದ ನುಗ್ಗಿ ಇಂಟರ್ ಮಿಲಾನ್ ಮೇಲೆ ಮೂರು ಗೋಲು ಹೊಡೆದ. 2013ರಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡಿತು. ಬ್ಯಾಕ್ ಆಡಿದವನಿಗೆ ಒಂದು ಲಾಭ ಉಂಟು: ಎದುರಿನ ಬ್ಯಾಕ್ ಯಾವಾಗ ಹೆದರುತ್ತಾನೆ ಅನ್ನುವುದು ಅವನಿಗೆ ಒಳಗಿಂದ ಗೊತ್ತು.

ಇನ್ನು ಬದುಕಿನ ಮಾತು. ನಾನು 1990ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಕೋಡಿಬಾಗದಿಂದ ಚೀಲ ಹೊತ್ತು ಫುಟ್‌ಬಾಲ್ ಆಡಲು ಗೋವಾದ ಮಡಗಾಂವ್ ಬಸ್ಸು ಹತ್ತಿದವನು. ಅಪ್ಪ ರಂಪಣಿ ಬಲೆ ಎಳೆಯುವವರು. ‘ಚೆಂಡಿನ ಹಿಂದೆ ಓಡಿದರೆ ಯಾರು ಸಂಬಳ ಕೊಡುತ್ತಾರೆ’ ಅಂತ ಅವರಿಗೆ ಕೊನೆವರೆಗೂ ಅನುಮಾನ. ಕ್ಲಬ್ಬಿನವರು ಕೊಟ್ಟರು, ಒಂದೊಂದೇ ವರ್ಷದ ಕರಾರಿನಲ್ಲಿ. 25ನೇ ವಯಸ್ಸಿನಲ್ಲಿ ಒಂದು ಸಂಜೆ ಗೆರೆ ಗುಂಟ ಓಡುತ್ತಿದ್ದಾಗ ತೊಡೆಯ ಹಿಂಭಾಗಕ್ಕೆ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಹ್ಯಾಮ್‌ಸ್ಟ್ರಿಂಗ್. ಮೂರೇ ವಾರಕ್ಕೆ ಮತ್ತೆ ಇಳಿಸಿದರು, ನಾನೂ ಇಳಿದೆ. ಕರಾರು ಮುಗಿಯುತ್ತಾ ಬಂದಿತ್ತಲ್ಲ. ಅದೇ ಜಾಗ ಇನ್ನೊಮ್ಮೆ ಹರಿಯಿತು. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದಾಗ ನಾನು ಬೆಂಚಿನ ಮೇಲೆ. ಮರುವರ್ಷ ಬೈತಖೋಲ್ ಬಂದರಿನಲ್ಲಿ ಮಂಜುಗಡ್ಡೆಯ ಲೆಕ್ಕ ಬರೆಯುತ್ತಿದ್ದೆ.

ತಪ್ಪು ಕ್ಲಬ್ಬಿನವರದು ಎಷ್ಟೋ ನನ್ನದೂ ಅಷ್ಟೇ. ನನ್ನ ಹತ್ತಿರ ಇದ್ದದ್ದು ಓಟ ಒಂದೇ. ಅದು ಹೋದ ದಿನ ಕೈಯಲ್ಲಿ ಬೇರೇನೂ ಇರಲಿಲ್ಲ. ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ 1956ರಲ್ಲಿ, 41ನೇ ವಯಸ್ಸಿನಲ್ಲಿ, ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದ ರೈಟ್ ಔಟ್, ಅಂದರೆ ಬಲ ಅಂಚಿನ ಆಟಗಾರ. ಐವತ್ತು ತುಂಬಿದ ಮೇಲೂ 1965ರಲ್ಲಿ ಸ್ಟೋಕ್ ಕ್ಲಬ್ ಪರ ಒಂದು ಲೀಗ್ ಪಂದ್ಯ ಆಡಿದರು. ಅವರು ಬ್ಯಾಕ್ ಎದುರಿಗೆ ನಿಧಾನವಾಗಿ ಹೋಗಿ, ಮೈಯನ್ನು ಒಂದು ಕಡೆ ವಾಲಿಸಿ, ಅವನ ತೂಕ ಆ ಕಾಲಿಗೆ ಬಿದ್ದ ಕ್ಷಣ ಇನ್ನೊಂದು ಕಡೆ ಹೊರಟುಬಿಡುತ್ತಿದ್ದರು. ಬೇಕಾದದ್ದು ನಾಲ್ಕೈದು ಹೆಜ್ಜೆಯ ಚುರುಕು, ಅಷ್ಟೆ. ರಯಾನ್ ಗಿಗ್ಸ್ ಎಡ ಅಂಚಿನಲ್ಲಿ ಶುರು ಮಾಡಿ, ವಯಸ್ಸಾದ ಹಾಗೆ ನಡುವಿಗೆ ಸರಿದು, ಮ್ಯಾಂಚೆಸ್ಟರ್ ಯುನೈಟೆಡ್ ಪರ 963 ಪಂದ್ಯ ಆಡಿದ.

ಹಾಗಾಗಿ ಮಗ ಒಂದು ವರ್ಷ ಬ್ಯಾಕ್ ಆಡಲಿ. ಹತ್ತನೇ ತರಗತಿ ಪರೀಕ್ಷೆಯನ್ನೂ ಬಿಡದಿರಲಿ. ತೊಡೆ ಹಿಡಿದುಕೊಂಡರೆ ಬಾಯಿ ಬಿಟ್ಟು ಹೇಳುವುದಕ್ಕೆ ಈಗಲೇ ಕಲಿಸಿ. ನಮ್ಮ ಕಡೆಯ ಗಂಡುಮಕ್ಕಳಿಗೆ ಅದೇ ಬರುವುದಿಲ್ಲ.

ಪ್ರಶ್ನೆ: ಎಡಗಾಲಿನವರನ್ನು ಈಗ ಬಲಗಡೆ ಆಡಿಸುತ್ತಾರಲ್ಲ, ಏನು ಲಾಭ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಗೆರೆ ಗುಂಟ ಹೋಗಿ ಕ್ರಾಸ್ ಹಾಕುವ, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುವ ಬದಲು ಒಳಗೆ ತಿರುಗಿದರೆ ಗೋಲು ನೇರ ಎಡಗಾಲಿಗೆ ಸಿಗುತ್ತದೆ. ಆರ್ಯೆನ್ ರಾಬೆನ್ ಇದನ್ನೇ ಮಾಡುತ್ತಾನೆಂದು ಜಗತ್ತಿಗೇ ಗೊತ್ತಿತ್ತು, ತಡೆಯುವುದು ಮಾತ್ರ ಕಷ್ಟವಾಗಿತ್ತು. ನಮ್ಮ ಮಿಜೋರಾಂನ ಛಾಂಗ್ಟೆಯೂ ಬಲ ಅಂಚಿನ ಎಡಗಾಲಿಗ. 2023ರ ಸ್ಯಾಫ್ (ದಕ್ಷಿಣ ಏಷ್ಯಾ) ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಬೆಂಗಳೂರಿನ ಕಂಠೀರವದಲ್ಲಿ, ಕುವೈತ್ ಮೇಲೆ ಸಮಬಲದ ಗೋಲು ಹೊಡೆದದ್ದು ಅವನೇ. ಆಮೇಲೆ ಪೆನಾಲ್ಟಿಯಲ್ಲಿ ಗೆದ್ದೆವು.

ನನಗೆ ಒಳಗೆ ತಿರುಗುವುದನ್ನು ಕಲಿಸಿದ್ದು ಸಮುದ್ರ. ಕಾರವಾರದ ಕಡಲತೀರದಲ್ಲಿ ಬೈತಖೋಲ್ ಕಡೆಯ ಗೋಲಿಗೆ ಆಡುವಾಗ ರೈಟ್ ಔಟ್‌ನ ಬಲಕ್ಕೆ ಅಲೆಯೇ ಗೆರೆ. ಇಳಿತದ ಹೊತ್ತಿನಲ್ಲಿ ಗಟ್ಟಿ ಮರಳಿನ ಮೇಲೆ ಎಷ್ಟು ಬೇಕಾದರೂ ಓಡಬಹುದಿತ್ತು. ಭರತ ಏರಿದ ಹಾಗೆ ಮೈದಾನ ಕಿರಿದು. ಹೊರಗೆ ಹೋದರೆ ಚೆಂಡು ನೀರಿಗೆ, ಒಳಗೆ ಹೋಗಲು ಎಡಗಾಲು ಬೇಕು. ನನ್ನ ಎಡಗಾಲು ಕಟ್ಟಿಗೆ. ನಿಮ್ಮದು ಹಾಗಾಗದಿರಲಿ, ದಿನಾ ಗೋಡೆಗೆ ನೂರು ಸಲ ಎಡಗಾಲಲ್ಲಿ ಹೊಡೆಯಿರಿ. ಪಕ್ಕದ ಮನೆಯವರ ಗೋಡೆ ಬೇಡ.

ಪ್ರಶ್ನೆ: ನೀವು ‘ರೈಟ್ ಔಟ್’ ಅನ್ನುತ್ತೀರಿ, ಟಿವಿಯವರು ‘ವಿಂಗರ್’ ಅನ್ನುತ್ತಾರೆ. ಎರಡೂ ಒಂದೇನಾ?
– ಫುಟ್‌ಬಾಲ್ ಪ್ರೇಮಿ, ಶಿರಸಿ

ಉತ್ತರ: ಜಾಗ ಒಂದೇ, ಕೆಲಸ ಹೆಚ್ಚಾಗಿದೆ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನ ‘ಪಂಚ ಪಾಂಡವ’ರೆಂಬ ಹಳೆಯ ಐದು ಮುಂಚೂಣಿ ಆಟಗಾರರಲ್ಲಿ ವೆಂಕಟೇಶ್ ರೈಟ್ ಔಟ್, ಸಾಲೆ ಲೆಫ್ಟ್ ಔಟ್, ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಸಾಲೆಯ ಒಳಬದಿಗೆ. ಐವರೂ ಮುಂದೆಯೇ. ಈಗಿನ ವಿಂಗರ್ ಚೆಂಡು ಕಳೆದುಕೊಂಡರೆ ತಾನೇ ಹಿಂದೆ ಓಡಿ ಬ್ಯಾಕ್‌ಗೆ ಕೈಜೋಡಿಸಬೇಕು. ನಮ್ಮ ಕಾಲದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಬ್ಯಾಕ್‌ಗೆ ಬೈಯುತ್ತಿದ್ದೆವು.