ಕಣ್ಣಿನ ಕೋಶಕ್ಕೂ ಎದೆಯ ಕಫಕ್ಕೂ ಏನು ನಂಟು?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಕತ್ತಲಾದರೆ ಅವನಿಗೆ ಮೆಟ್ಟಿಲೂ ಕಾಣಿಸುವುದಿಲ್ಲ. ಕಣ್ಣಿನ ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸಾ (ಕಣ್ಣಿನ ಹಿಂಬದಿಯ ಅಕ್ಷಿಪಟಲ ಕ್ರಮೇಣ ಸೊರಗುವ ಆನುವಂಶಿಕ ಕಾಯಿಲೆ) ಎಂದಿದ್ದಾರೆ. ನನ್ನ ಹೆಂಡತಿಯ ತಮ್ಮನಿಗೂ ಇದೇ ತೊಂದರೆಯಿದೆ. ಮಗನಿಗೆ ಹುಟ್ಟಿದಂದಿನಿಂದ ನೆಗಡಿ, ಕಫ, ಕಿವಿ ಸೋರುವುದು ನಿಂತಿಲ್ಲ; ಬೆಂಗಳೂರಿನ ದೂಳಿನ ಅಲರ್ಜಿಯೆಂದೇ ಔಷಧಿ ನಡೆದಿದೆ. ದೃಷ್ಟಿಕೋಶಗಳನ್ನೂ ಶ್ವಾಸಕೋಶದ ಕಾಯಿಲೆಯನ್ನೂ ಸಂಶೋಧಿಸುವ ವಿಜ್ಞಾನಿಯೊಬ್ಬರ ಬಗ್ಗೆ ಈಚೆಗೆ ಓದಿದೆ. ಒಬ್ಬರೇ ಎರಡನ್ನೂ ಹೇಗೆ ಅಭ್ಯಸಿಸುತ್ತಾರೆ? ಮಗನ ಎರಡು ತೊಂದರೆಗಳಿಗೂ ಸಂಬಂಧವಿರಬಹುದೇ?
— ಒಬ್ಬ ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಇರಬಹುದು, ನಿಮ್ಮ ಪತ್ರದಲ್ಲಿರುವ ವಿವರಗಳು ಆ ದಿಕ್ಕಿಗೇ ಬೊಟ್ಟು ಮಾಡುತ್ತವೆ. ಕಣ್ಣು ಮತ್ತು ಎದೆ ವೈದ್ಯರಿಗೆ ಬೇರೆ ಬೇರೆ ವಿಭಾಗಗಳಾದರೂ, ಜೀವಕೋಶದ ಮಟ್ಟದಲ್ಲಿ ನೋಡುವ ವಿಜ್ಞಾನಿಗೆ ಎರಡು ಕಡೆಯೂ ಸಿಗುವುದು ಕೋಶದ ಒಂದೇ ಭಾಗ: ಸಿಲಿಯಾ ಎಂಬ ಸೂಕ್ಷ್ಮ ಲೋಮ.

ನಮ್ಮ ಶ್ವಾಸನಾಳದ ಒಳಪದರದಲ್ಲಿ ಒಂದೊಂದು ಕೋಶದ ಮೇಲೆ ಸುಮಾರು 200 ಲೋಮಗಳಿದ್ದು, ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬೀಸುತ್ತ, ದೂಳು ಮತ್ತು ರೋಗಾಣುಗಳು ಅಂಟಿಕೊಂಡ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಮೂಗಿನಲ್ಲೂ ಕಿವಿಯ ಒಳನಾಳದಲ್ಲೂ ಇದೇ ಏರ್ಪಾಡು. ಅಕ್ಷಿಪಟಲದಲ್ಲಿರುವ ಸುಮಾರು 12 ಕೋಟಿ ದಂಡಕೋಶಗಳು, ಅಂದರೆ ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕೋಶಗಳು, ಇದೇ ಲೋಮವನ್ನು ಬೇರೊಂದು ಕೆಲಸಕ್ಕೆ ಬಳಸುತ್ತವೆ. ಅಲ್ಲಿ ಅದು ಬೀಸುವುದಿಲ್ಲ. ಕೋಶದ ಒಳಭಾಗಕ್ಕೂ ಬೆಳಕು ಹಿಡಿಯುವ ಹೊರಭಾಗಕ್ಕೂ ನಡುವೆ ಕಿರುದಾರಿಯಾಗಿ ನಿಲ್ಲುತ್ತದೆ. ಹೊರಭಾಗದಲ್ಲಿ ಅಡುಕಿಟ್ಟ ಬಿಲ್ಲೆಗಳು ಸುಮಾರು ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗುವುದರಿಂದ, ಅವಕ್ಕೆ ಬೇಕಾದ ಪ್ರೋಟೀನುಗಳೆಲ್ಲ ಹಗಲೂ ರಾತ್ರಿ ಈ ಇಕ್ಕಟ್ಟಿನ ದಾರಿಯಲ್ಲೇ ಸಾಗಬೇಕು. ದಾರಿ ಕೆಟ್ಟರೆ ದಂಡಕೋಶ ನಿಧಾನವಾಗಿ ಸಾಯುತ್ತದೆ, ಮೊದಲು ಇರುಳುಗಣ್ಣು ಕಾಣಿಸಿಕೊಳ್ಳುತ್ತದೆ.

ಆ ದಾರಿಯ ಕಾವಲುಗಾರರಲ್ಲಿ ಒಂದು ಪ್ರೋಟೀನಿನ ಹೆಸರು ಆರ್‌ಪಿಜಿಆರ್. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ ಎಂದು 1996ರಲ್ಲಿ ಗುರುತಿಸಲಾಯಿತು. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಬಹುಪಾಲು ಈ ಜೀನಿನ ದೋಷದಿಂದಲೇ ಆಗುತ್ತದೆ. ಕೆಲವು ಕುಟುಂಬಗಳಲ್ಲಿ ಅದೇ ದೋಷದ ಜೊತೆಗೆ ಸೈನಸ್ ಸೋಂಕು, ಕಿವಿಮಂದ, ಬಿಡದ ಎದೆಯ ಕಫವೂ ಕಂಡುಬಂದಿವೆ. ಮಾವನಿಗೂ ಅಳಿಯನಿಗೂ ಒಂದೇ ದೃಷ್ಟಿದೋಷವಿದೆ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಹಾಗೆಂದು ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆಲ್ಲ ಎದೆಯ ತೊಂದರೆ ಬರುವುದಿಲ್ಲ. ಹೆಚ್ಚಿನವರಿಗೆ ಬರುವುದೇ ಇಲ್ಲ. ನಿಮ್ಮ ಮಗನ ಅಲರ್ಜಿಯೂ ನಿಜವಾದ ಅಲರ್ಜಿಯೇ ಆಗಿರಬಹುದು. ಆದರೆ ಹುಟ್ಟಿದಂದಿನಿಂದ ಒಂದು ದಿನವೂ ಬಿಡದ ಕಫವನ್ನು ದೂಳಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಸರಿಯಲ್ಲ. ಲೋಮಗಳ ಈ ಕಾಯಿಲೆಗೆ ಪ್ರೈಮರಿ ಸಿಲಿಯರಿ ಡಿಸ್ಕಿನೀಸಿಯಾ ಎನ್ನುತ್ತಾರೆ. ಅದಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಭಾಗದಲ್ಲಿರುತ್ತದೆ; ಉಳಿದರ್ಧಕ್ಕೆ ಎಡದಲ್ಲೇ ಇರುತ್ತದೆ. ಆದ್ದರಿಂದ ಎಕ್ಸ್-ರೇ ಸರಿಯಿದೆಯೆಂದ ಮಾತ್ರಕ್ಕೆ ಕಾಯಿಲೆಯಿಲ್ಲ ಎನ್ನಲಾಗದು. ಮೂಗಿನ ನೈಟ್ರಿಕ್ ಆಕ್ಸೈಡ್ ಅಳೆಯುವುದು, ಜೀನ್ ಪರೀಕ್ಷೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಲೋಮವನ್ನು ನೋಡುವುದು, ಇವು ಉತ್ತರ ಕೊಡುವ ಪರೀಕ್ಷೆಗಳು. ರೋಗ ಖಚಿತವಾದರೆ ದಿನವೂ ಕಫ ಹೊರಹಾಕುವ ಫಿಸಿಯೋಥೆರಪಿ ಮತ್ತು ಸೋಂಕಿಗೆ ತಡಮಾಡದ ಚಿಕಿತ್ಸೆಯಿಂದ ಶ್ವಾಸಕೋಶವನ್ನು ಬಹಳಷ್ಟು ಕಾಪಾಡಬಹುದು.

ಕಣ್ಣಿನ ಮಾತು ಕಷ್ಟದ್ದು. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಬೇರೊಂದು ಜೀನಿಗೆ ಸಂಬಂಧಿಸಿದ್ದು, ನಿಮ್ಮ ಮಗನಿಗೆ ಆರ್‌ಪಿಜಿಆರ್ ದೋಷವಿದ್ದರೆ ಅದು ಉಪಯೋಗಕ್ಕೆ ಬಾರದು. ಯಾರೋ ಹೇಳಿದರೆಂದು ವಿಟಮಿನ್ ಎ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಹೆಚ್ಚಾದರೆ ಯಕೃತ್ತಿಗೆ ಹಾನಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕಾಗಿದೆ. ನಿಮಗೆ ಮಗಳಿದ್ದು, ಸೋದರಮಾವನಿಗೇ ಕೊಡುವ ಮಾತು ಮನೆಯಲ್ಲಿದ್ದರೆ, ಜೀನ್ ಪರೀಕ್ಷೆಯ ಫಲ ಬರುವವರೆಗೆ ತಡೆಯಿರಿ. ಅವಳು ತಾಯಿಯಿಂದ ದೋಷದ ಜೀನನ್ನು ಪಡೆದಿದ್ದರೆ, ಆ ಸಂಬಂಧದಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೂ ಈ ಕಾಯಿಲೆ ತಗಲುವ ಸಾಧ್ಯತೆ ಅರ್ಧಕ್ಕರ್ಧ. ಮಗನ ಕಣ್ಣಿನ ಮತ್ತು ಎದೆಯ ಎರಡೂ ಫೈಲುಗಳನ್ನು ಒಟ್ಟಿಗೆ ತೆಗೆದುಕೊಂಡು ಒಬ್ಬ ವೈದ್ಯಕೀಯ ತಳಿಶಾಸ್ತ್ರಜ್ಞರನ್ನು ಕಾಣಿರಿ, ಸಾಧ್ಯವಾದರೆ ಅವನ ಮಾವನನ್ನೂ ಜೊತೆಗೆ ಕರೆದೊಯ್ಯಿರಿ.