ಕೋಡಿಂಗ್ ಬರದವರು ಪರಿಸರ–ಭೂವಿಜ್ಞಾನದ ಡೇಟಾ ಸೈನ್ಸ್‌ಗೆ ಹೇಗೆ ತಯಾರಾಗಬೇಕು?

ರೋಣ ಕಡೆಯವರು, ಬಿ.ಎಸ್ಸಿ. ಕೊನೆಯ ವರ್ಷ, ಗಣಿತ–ಭೂಗೋಳ ಓದಿದ್ದೀರಿ. ಕೋಡಿಂಗ್ ಗೊತ್ತಿಲ್ಲ, ಲ್ಯಾಪ್‌ಟಾಪೂ ಹಳೆಯದು, ಎಂ.ಎಸ್ಸಿ.ಗೆ ಮೊದಲು ಏನು ಕಲಿಯಲಿ ಎಂದು ಕೇಳಿದ್ದೀರಿ. ನಾನು ನವಲಗುಂದ ಕಡೆಯವನು, ಧಾರವಾಡದಲ್ಲಿ ಡಿಗ್ರಿ ಮುಗಿಸಿ ಇದೇ ದಾರಿ ಹಿಡಿದವನು.

ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ. ನಿಮ್ಮ ತಾಲೂಕಿನ ಹದಿನೈದು–ಇಪ್ಪತ್ತು ವರ್ಷಗಳ ದಿನವಹಿ ಮಳೆ ಲೆಕ್ಕ ತೆಗೆದುಕೊಂಡು ಅದರ ಮುಂದೆ ಕೂತುಬಿಡಿ. ಪೈಥಾನ್ ಎಂಬ ಕೋಡಿಂಗ್ ಭಾಷೆ, ಕೋಷ್ಟಕದ ಲೆಕ್ಕಕ್ಕೆಂದು ಅದಕ್ಕೆ ಜೋಡಿಸಿಕೊಳ್ಳುವ ಪಾಂಡಾಸ್, ಎರಡೂ ಆ ಲೆಕ್ಕ ಬಿಡಿಸುತ್ತಲೇ ಕೈಗೆ ಹತ್ತುತ್ತವೆ.

ನಾನು ಮಾಡಿದ ಎಡವಟ್ಟು ಕೇಳಿ. ಮೊದಲ ಪ್ರಾಜೆಕ್ಟಿನಲ್ಲಿ ಬೆಣ್ಣೆಹಳ್ಳದ ದಂಡೆಯ ಮಳೆ ಅಂಕಿ ಹಿಡಿದಿದ್ದೆ. ಕೆಲವು ಕಡೆ ಖಾಲಿ ಇತ್ತು. ಖಾಲಿ ಅಂದರೆ ಮಳೆ ಇಲ್ಲ ಅಂದುಕೊಂಡು ಒಂದೇ ಸಾಲಿನ ಕೋಡಿನಲ್ಲಿ ಎಲ್ಲಕ್ಕೂ ಸೊನ್ನೆ ತುಂಬಿದೆ. ಗ್ರಾಫ್ ಚೆಂದ ಬಂತು. ಊರಿಗೆ ಹೋದಾಗ ಸೋದರಮಾವನಿಗೆ ತೋರಿಸಿದರೆ 2009ರ ಅಕ್ಟೋಬರ್ ಮೊದಲ ವಾರದ ಮೇಲೆ ಬೆರಳಿಟ್ಟ: "ಆ ವಾರ ನಮ್ಮ ಹಿತ್ತಲ ಗ್ವಾಡಿ ಬಿತ್ತಲೋ. ಹಳ್ಳ ಊರೊಳಗ ಬಂದಿತ್ತು. ನಿನ್ನ ಕಂಪ್ಯೂಟರ್‌ನ್ಯಾಗ ಮಳಿನ ಇಲ್ಲೇನ?" ಅಳೆಯುವವರೇ ಮಾಪಕದ ಹತ್ತಿರ ಹೋಗಲಾರದಷ್ಟು ಮಳೆ ಬಿದ್ದ ದಿನಗಳನ್ನು ನಾನು ಬರಗಾಲ ಮಾಡಿಟ್ಟಿದ್ದೆ.

ಸಂಖ್ಯಾಶಾಸ್ತ್ರವನ್ನೂ ಹೀಗೇ ಓದಿ. ದಿನಕ್ಕೆ 3 ಮಿ.ಮೀ.ನಂತೆ ತಿಂಗಳಿಡೀ ಬಿದ್ದರೂ 90, ಒಂದೇ ರಾತ್ರಿ ಸುರಿದರೂ 90. ಸರಾಸರಿಗೆ ಎರಡೂ ಒಂದೇ, ಎರೆ ಹೊಲಕ್ಕೆ ಅಲ್ಲ. ಒಣಗಿದಾಗ ಬಿರುಕು ಬಿಟ್ಟ ಎರೆ ಮಣ್ಣು ನೆನೆದು ಉಬ್ಬಿದರೆ ನೀರು ಇಂಗುವುದು ಕಡಿಮೆ, ಮಿಕ್ಕದ್ದೆಲ್ಲ ಹಳ್ಳಕ್ಕೆ. ಹಂಚಿಕೆ, ವಿಚಲನೆ, ರಿಗ್ರೆಶನ್ (ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಗಟ್ಟಿ ಮಾಡಿಕೊಳ್ಳಿ. ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಗಣಿತದವರಿಗೆ ನಾನು ಹೇಳಬೇಕಿಲ್ಲ.

ಆಮೇಲೆ ಉಪಗ್ರಹ ಚಿತ್ರ. ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳು ಪುಕ್ಕಟೆ, ಒಂದು ಚುಕ್ಕಿ ಎಂದರೆ 10 ಮೀಟರ್, ಸುಮಾರು ಐದು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅವೆರಡರ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ, ಅಂದರೆ ಹಸಿರಿನ ಅಳತೆ. ನಿಮ್ಮದೇ ಹೊಲದ ಮೇಲೆ ಹಾಕಿ ನೋಡಿ. ಸೆಪ್ಟೆಂಬರಿನಲ್ಲಿ ಅಳತೆ ದಪ್ಪನೆ ಬೀಳುತ್ತದೆ. ಹೊರಗಿನವರು ಪೀಕು ಹಾಳಾಯಿತು ಎನ್ನಬಹುದು. ಹೆಸರುಕಾಳು ಒಕ್ಕಿಯಾಗಿದೆ, ಕಡಲೆಗೆ ಹೊಲ ಹದ ಮಾಡಿಟ್ಟಿದ್ದಾರೆ ಎಂಬುದು ನಿಮಗೆ ಗೊತ್ತು! ಈ ತಿಳಿವಳಿಕೆ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ, ಪ್ರವೇಶದ ಅರ್ಜಿಯಲ್ಲಿ ಇದನ್ನೇ ಬರೆಯಿರಿ. ಜುಲೈ ಚಿತ್ರದಲ್ಲಿ ಬರೀ ಮೋಡ ಕಂಡರೆ ಗಾಬರಿಯಾಗಬೇಡಿ, ಮೋಡ ದಾಟಿ ನೋಡಲು ಸೆಂಟಿನೆಲ್–1ರ ರೇಡಾರ್ ಇದೆ. ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ನೀರು ತಿಂಗಳಿಂದ ತಿಂಗಳಿಗೆ ಎಷ್ಟು ಹರಡುತ್ತದೆ ಎಂದು ಅಳೆಯುವುದು ಎರಡನೇ ಪ್ರಾಜೆಕ್ಟಿಗೆ ಒಳ್ಳೆಯದು.

ಪರೀಕ್ಷೆಗಳ ವಿಷಯ ಚಿಕ್ಕದು. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ, ಅದರಲ್ಲಿ ಗಣಿತದ ಪತ್ರಿಕೆಯೂ ಇದೆ, ಭೂವಿಜ್ಞಾನದ್ದೂ ಇದೆ. ಯಾವುದಕ್ಕೆ ಯಾವ ಕೋರ್ಸ್ ಎಂಬುದನ್ನು ಆ ವರ್ಷದ ಕೈಪಿಡಿಯಲ್ಲೇ ನೋಡಿ, ಯೂಟ್ಯೂಬ್ ನಂಬಬೇಡಿ. ಡೆಹ್ರಾಡೂನಿನಲ್ಲಿರುವ ಇಸ್ರೋದ ಸಂಸ್ಥೆ ಐಐಆರ್‌ಎಸ್ ಆನ್‌ಲೈನಿನಲ್ಲಿ ದೂರಸಂವೇದಿ (ಉಪಗ್ರಹ ಚಿತ್ರಗಳಿಂದ ನೆಲವನ್ನು ಓದುವ) ಪಾಠ ಪುಕ್ಕಟೆ ನಡೆಸುತ್ತದೆ, ಅದನ್ನು ಬಿಡಬೇಡಿ.

ಹೊಸ ಲ್ಯಾಪ್‌ಟಾಪ್ ಈಗಲೇ ಬೇಡ. ಪೈಥಾನ್ ಬರೆಯಲು ಗೂಗಲ್ ಕೊಲಾಬ್, ಉಪಗ್ರಹ ಚಿತ್ರದ ಲೆಕ್ಕಕ್ಕೆ ಗೂಗಲ್‌ನದೇ ಅರ್ಥ್ ಎಂಜಿನ್, ಎರಡೂ ಬ್ರೌಸರಿನಲ್ಲೇ ಓಡುತ್ತವೆ, ಭಾರ ಹೊರುವುದು ಅವರ ಯಂತ್ರ. ನನ್ನದರಲ್ಲಿ 'ಎನ್' ಕೀಲಿ ಕೆಲಸ ಮಾಡುತ್ತಿರಲಿಲ್ಲ. ಪ್ರಿಂಟ್ ಎಂದು ಬರೆಯಬೇಕಾದಾಗಲೆಲ್ಲ ಬೇರೆ ಕಡೆಯಿಂದ ಆ ಅಕ್ಷರ ಕಾಪಿ ಮಾಡಿ ಅಂಟಿಸುತ್ತಿದ್ದೆ.